ಅಮ್ಮನ ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ, ಆದರೂ ಕಷ್ಟ ಅಂತಾರೆ. ಐಕಾನ್‌ಗಳು ಮಾಯವಾಗುತ್ತವಂತೆ, ಕರೆ ಎತ್ತಲು ಬರಲ್ಲವಂತೆ, ಕೆಲವು ದಿನ ರಿಂಗೇ ಆಗಲ್ಲವಂತೆ. ಇನ್ನೇನು ಸೆಟ್ಟಿಂಗ್ ಬದಲಾಯಿಸಬೇಕು?

ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಅಮ್ಮ ಏನೇನು ಹೇಳುತ್ತಾರೆ ಅಂತ ನೀವೇ ಬರೆದಿರುವುದನ್ನು ಇನ್ನೊಮ್ಮೆ ಓದಿ ನೋಡಿ: ಐಕಾನ್‌ಗಳು ತಾವಾಗಿಯೇ ಮಾಯವಾಗುತ್ತವೆ, ಕರೆ ಬಂದರೆ ಎತ್ತಲು ಬರುವುದಿಲ್ಲ, ಕೆಲವು ದಿನ ಫೋನ್ ರಿಂಗೇ ಆಗುವುದಿಲ್ಲ. ಇದರಲ್ಲಿ ಒಂದೂ ಕಣ್ಣಿನ ತೊಂದರೆ ಅಲ್ಲ. ಎಲ್ಲವೂ ಬೆರಳಿನದು. ನಮ್ಮ ಮನೆಯಲ್ಲಿ ಹಿರಿಯರ ಫೋನ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೇ ಬಂದಿದೆ. ನಾನು ಕಂಡ ಹಾಗೆ ಅವರಿಗೆ ದೊಡ್ಡ ಅಕ್ಷರಕ್ಕಿಂತ ಜಾಸ್ತಿ ಬೇಕಿರುವುದು ಕದಲದ ಫೋನ್. ನಿನ್ನೆ ಯಾವುದು ಎಲ್ಲಿತ್ತೋ ಇವತ್ತೂ ಅಲ್ಲೇ ಇರಬೇಕು.

ಸೆಟ್ಟಿಂಗ್ಸ್‌ಗೆ ಹೋಗುವ ಮೊದಲು ಸುಮ್ನೆ ಪಕ್ಕದಲ್ಲಿ ಕೂತು ಅವರ ಹೆಬ್ಬೆರಳನ್ನು ಗಮನಿಸಿ. ನಮ್ಮ ಮಾವನವರು ಐಕಾನ್ ಮುಟ್ಟಿ ಬಿಡುವುದಿಲ್ಲ, ಒತ್ತುತ್ತಾರೆ. ಹಳೇ ಬಟನ್ ಫೋನಿನ ಅಭ್ಯಾಸ. ತಾಗಿತೋ ಇಲ್ಲವೋ ಅನ್ನುವ ಅನುಮಾನಕ್ಕೆ ಇನ್ನೊಂದು ಚೂರು ಒತ್ತಿ ಹಿಡಿಯುತ್ತಾರೆ. ಸುಮಾರು ಅರ್ಧ ಸೆಕೆಂಡ್ ಆಯಿತೆಂದರೆ ಫೋನ್ ಅದನ್ನು ಲಾಂಗ್ ಪ್ರೆಸ್ ಅಂತ ತಿಳಿದುಕೊಳ್ಳುತ್ತದೆ. ಐಕಾನ್ ಎದ್ದು ಬೆರಳಿಗೆ ಅಂಟಿಕೊಳ್ಳುತ್ತದೆ, ಪಕ್ಕದಲ್ಲಿ ಒಂದು ಮೆನು ತೆರೆದುಕೊಳ್ಳುತ್ತದೆ. ಗಾಬರಿಯಲ್ಲಿ ಬೆರಳು ಸರಿಸಿದರೆ ಐಕಾನ್ ಇನ್ನೆಲ್ಲೋ ಹೋಗಿ ಕೂರುತ್ತದೆ, ಇಲ್ಲವೇ ರಿಮೂವ್ ಆಗುತ್ತದೆ. ನಿಮ್ಮ ಅಮ್ಮನ ಐಕಾನ್‌ಗಳು ಮಾಯವಾಗುವುದೂ ಬಹುಶಃ ಹೀಗೇ.

ಇದಕ್ಕೆ ಎರಡು ಕೆಲಸ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಅಂತ ಇರುತ್ತದೆ. ಅದನ್ನು 'ಲಾಂಗ್' ಮಾಡಿ. ಐಫೋನ್ ಆದರೆ ಆಕ್ಸೆಸಿಬಿಲಿಟಿಯ 'ಟಚ್' ಒಳಗೆ ಹ್ಯಾಪ್ಟಿಕ್ ಟಚ್ (ಒತ್ತಿ ಹಿಡಿಯುವುದಕ್ಕೆ ಅಲ್ಲಿರುವ ಹೆಸರು) ವೇಗವನ್ನು 'ಸ್ಲೋ' ಮಾಡಬೇಕು. ಕೈ ನಡುಗುವವರಿಗೆ ಅಲ್ಲೇ 'ಟಚ್ ಅಕಾಮಡೇಷನ್ಸ್' ಕೂಡ ಇದೆ. ಒಂದೇ ಕಡೆ ಎರಡೆರಡು ಸಲ ತಾಗಿದರೆ ಒಂದೇ ಸಲ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೆ ಮಾಡಬಹುದು. ಎರಡನೆಯದು, ಹೋಮ್ ಸ್ಕ್ರೀನನ್ನೇ ಲಾಕ್ ಮಾಡುವುದು. ಸ್ಯಾಮ್‌ಸಂಗ್, ಶಿಯೋಮಿ ಫೋನ್‌ಗಳ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ 'ಲಾಕ್ ಲೇಔಟ್' ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿದ ಮೇಲೆ ಎಷ್ಟು ಒತ್ತಿದರೂ ಐಕಾನ್ ಜಾಗ ಬಿಟ್ಟು ಹೋಗುವುದಿಲ್ಲ. ಲಾಕ್ ಮಾಡುವ ಮೊದಲು ದಿನಾ ಬೇಕಾಗುವ ಆ್ಯಪ್‌ಗಳನ್ನು ಮಾತ್ರ ಒಂದೇ ಪುಟದಲ್ಲಿ ಇಟ್ಟು ಮಿಕ್ಕಿದ್ದನ್ನು ತೆಗೆದುಬಿಡಿ. ಆಂಡ್ರಾಯ್ಡ್ ಆದರೆ ಮಕ್ಕಳು, ಒಡಹುಟ್ಟಿದವರ ನಂಬರ್‌ಗಳನ್ನೂ ಅಲ್ಲೇ ಶಾರ್ಟ್‌ಕಟ್ ಮಾಡಿ, ಮುಖದ ಫೋಟೋ ಹಾಕಿ. ಒತ್ತಿದರೆ ನೇರ ಕರೆ ಹೋಗಬೇಕು.

ಇನ್ನು ಕರೆ ಎತ್ತುವ ವಿಷಯ. ಹಸಿರು ಬಟನ್ ಕಾಣುತ್ತದೆ, ಒತ್ತುತ್ತಾರೆ, ಏನೂ ಆಗುವುದಿಲ್ಲ. ಯಾಕೆಂದರೆ ಅದು ಒತ್ತುವ ಬಟನ್ನೇ ಅಲ್ಲ, ಎಳೆಯಬೇಕಾದ ಬಟನ್. ಇದನ್ನು ಹೀಗೆ ಮಾಡಿದವರು ಯಾರೋ, ಅವರ ಮನೆಯಲ್ಲಿ ಹಿರಿಯರು ಇರಲಿಲ್ಲ ಅನ್ನಿಸುತ್ತದೆ! ಗೂಗಲ್‌ನ ಫೋನ್ ಆ್ಯಪ್ ಇದ್ದರೆ ಅದನ್ನು ಅಪ್‌ಡೇಟ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಒಂದೇ ಸಲ ಒತ್ತಿದರೆ ಎತ್ತುವ ಆಯ್ಕೆ ಇದೆಯಾ ನೋಡಿ. ಸ್ಯಾಮ್‌ಸಂಗ್‌ನಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿಯೇ ಕರೆ ಎತ್ತಬಹುದು. ಕೈಗೆ ಸಿಗುವ ಬಟನ್ ಆದ್ದರಿಂದ ಬಹಳ ಜನಕ್ಕೆ ಇದೇ ಹಿಡಿಸುತ್ತದೆ. 'ಮಾತಾಡ್ತಾ ಮಾತಾಡ್ತಾ ಕಟ್ ಆಗುತ್ತೆ' ಅಂತಲೂ ಹೇಳಿದರೆ, ಪವರ್ ಬಟನ್ ಒತ್ತಿದರೆ ಕರೆ ಮುಗಿಯುವ ಸೆಟ್ಟಿಂಗ್ ಆನ್ ಆಗಿರಬಹುದು. ಅದನ್ನು ಆಫ್ ಮಾಡಿ. ಐಫೋನ್‌ನಲ್ಲೂ ಇದನ್ನು ತಡೆಯುವ ಆಯ್ಕೆ ಆಕ್ಸೆಸಿಬಿಲಿಟಿಯ ಟಚ್ ವಿಭಾಗದಲ್ಲೇ ಇದೆ.

ರಿಂಗ್ ಆಗದೇ ಇರುವುದಕ್ಕೆ ಸಾಮಾನ್ಯವಾಗಿ ಕಾರಣ ಮೇಲಿಂದ ಎಳೆದಾಗ ಬರುವ ಪ್ಯಾನೆಲ್. ಟಾರ್ಚ್ ಹಾಕಲು ಹೋಗಿ ಪಕ್ಕದ ಏರೋಪ್ಲೇನ್ ಮೋಡ್ ಒತ್ತಿರುತ್ತಾರೆ, ಇಲ್ಲವೇ ಕರೆಯ ಸದ್ದನ್ನೇ ತಡೆಯುವ ಡು ನಾಟ್ ಡಿಸ್ಟರ್ಬ್. ಆ ಪ್ಯಾನೆಲನ್ನು ಎಡಿಟ್ ಮಾಡಬಹುದು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಟಾರ್ಚ್, ವೈಫೈ ಥರದ ಬೇಕಾದ್ದನ್ನು ಮುಂದೆ ತಂದು, ಏರೋಪ್ಲೇನ್ ಮೋಡನ್ನು ತೆಗೆದುಹಾಕಿ ಅಥವಾ ಹಿಂದಿನ ಪುಟಕ್ಕೆ ತಳ್ಳಿ. ಮನೆಯವರ ನಂಬರ್‌ಗಳಿಗೆ ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್ ಇದ್ದರೂ ಅವರ ಕರೆ ರಿಂಗ್ ಆಗುವಂತೆ ಮಾಡಿ. ರಿಂಗ್‌ಟೋನ್ ಕೂಡ ನೋಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳು, ಕೀರಲು ದನಿಗಳನ್ನು. ಫೋನ್ ಜೊತೆ ಬರುವ ಸಣ್ಣ ಗಂಟೆ ನಾದಕ್ಕಿಂತ ದಪ್ಪ ದನಿಯ, ಹಳೇ ಟೆಲಿಫೋನಿನಂಥ ರಿಂಗ್ ಪಕ್ಕದ ಕೋಣೆಗೂ ಕೇಳುತ್ತದೆ.

ಆಂಡ್ರಾಯ್ಡ್ 10ರಿಂದ ಬಂದ ಜೆಸ್ಚರ್ ನ್ಯಾವಿಗೇಷನ್, ಅಂದರೆ ಅಂಚಿನಿಂದ ಬೆರಳು ಎಳೆದು ಹಿಂದೆ ಹೋಗುವ ಪದ್ಧತಿ, ಹಿರಿಯರಿಗೆ ಬೇಡವೇ ಬೇಡ. ಕೆಳಗೆ ಮೂರು ಬಟನ್ ಬರುವ ಹಳೇ ಕ್ರಮಕ್ಕೆ ಬದಲಾಯಿಸಿ. ಎಲ್ಲಿ ದಾರಿ ತಪ್ಪಿದರೂ ನಡುವಿನ ಬಟನ್ ಒತ್ತಿದರೆ ಮನೆಗೆ ಬಂದುಬಿಡಬಹುದು ಅನ್ನುವ ಧೈರ್ಯ ದೊಡ್ಡದು.

ಅಕ್ಷರದ ಬಗ್ಗೆಯೂ ಒಂದು ಮಾತು. ಫಾಂಟ್ ಸೈಜ್ ಬೇರೆ, ಡಿಸ್‌ಪ್ಲೇ ಸೈಜ್ ಬೇರೆ. ಮೊದಲನೆಯದು ಅಕ್ಷರವನ್ನಷ್ಟೇ ಹಿಗ್ಗಿಸುತ್ತದೆ, ಎರಡನೆಯದು ಐಕಾನ್, ಬಟನ್ ಎಲ್ಲವನ್ನೂ. ಆಂಡ್ರಾಯ್ಡ್ 14ರಲ್ಲಿ ಫಾಂಟನ್ನು ಶೇ. 200ರವರೆಗೂ ಹಿಗ್ಗಿಸಬಹುದು. ಹಾಗಂತ ಎರಡನ್ನೂ ಕೊನೆಯವರೆಗೆ ಎಳೆಯಬೇಡಿ. ಕೆಲವು ಆ್ಯಪ್‌ಗಳಲ್ಲಿ 'ಸರಿ' ಅನ್ನುವ ಬಟನ್ನೇ ಪರದೆಯಿಂದ ಕೆಳಗೆ ಹೋಗಿ ಕೂತುಬಿಡುತ್ತದೆ. ಒಂದೆರಡು ಹಂತ ಕಮ್ಮಿ ಇಟ್ಟು 'ಬೋಲ್ಡ್ ಟೆಕ್ಸ್ಟ್' ಆನ್ ಮಾಡಿದರೆ ಇನ್ನೂ ಚೆನ್ನಾಗಿ ಓದಬಹುದು. ಡಾರ್ಕ್ ಮೋಡ್ ಒಳ್ಳೆಯದು ಅಂತ ನೀವೇ ತೀರ್ಮಾನ ಮಾಡಬೇಡಿ. ಪೊರೆ ಬಂದ ಕಣ್ಣಿಗೆ ಬಿಳಿ ಪರದೆ ಚುಚ್ಚಬಹುದು, ಇನ್ನು ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಹರಡಿದಂತೆ ಕಾಣುತ್ತದೆ. ಎರಡನ್ನೂ ತೋರಿಸಿ ಅವರನ್ನೇ ಕೇಳಿ. ಸ್ಕ್ರೀನ್ ಟೈಮ್‌ಔಟ್ ಮಾತ್ರ ಎರಡು ನಿಮಿಷಕ್ಕಾದರೂ ಏರಿಸಿ. ಮೆಸೇಜ್ ಓದಿ ಮುಗಿಸುವ ಮೊದಲೇ ಪರದೆ ಆರಿಹೋದರೆ ಯಾರಿಗೆ ತಾನೇ ಸಿಟ್ಟು ಬರಲ್ಲ ಅಲ್ವಾ?

'ಎಷ್ಟು ಒತ್ತಿದರೂ ಕೇಳಲ್ಲ' ಅಂದರೆ ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಚರ್ಮ ಒಣಗಿದ್ದರೆ ಪರದೆಗೆ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ. ಕೆಲವು ಫೋನ್‌ಗಳಲ್ಲಿ 'ಟಚ್ ಸೆನ್ಸಿಟಿವಿಟಿ' ಹೆಚ್ಚಿಸಬಹುದು. ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ ತೆಗೆಯಿರಿ. ಬೆರಳಚ್ಚು ಸವೆದವರಿಗೆ ಫಿಂಗರ್‌ಪ್ರಿಂಟ್ ಲಾಕ್ ಸುಮ್ನೆ ತಲೆನೋವು, ಪಿನ್ ಇಟ್ಟುಕೊಡಿ.

ಈಸಿ ಮೋಡ್, ಅಂದರೆ ದೊಡ್ಡ ಐಕಾನ್‌ಗಳ ಸರಳ ಪರದೆ, ಹಾಕಿಬಿಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಸದಾಗಿ ಫೋನ್ ಹಿಡಿಯುವವರಿಗೆ ಅದು ಸರಿ. ಐಫೋನ್‌ನಲ್ಲಿ 2023ರ ಐಓಎಸ್ 17ರಿಂದ ಬಂದ 'ಅಸಿಸ್ಟಿವ್ ಆಕ್ಸೆಸ್' ಇನ್ನೂ ಸರಳ, ಮರೆವು ಜಾಸ್ತಿ ಇರುವವರಿಗೆ ಅನುಕೂಲ. ಆದರೆ ನಿಮ್ಮ ಅಮ್ಮ ಈಗಾಗಲೇ ಒಂದು ರೀತಿ ಕಲಿತಿದ್ದಾರೆ. ಈಗ ಇಡೀ ಪರದೆಯ ರೂಪವೇ ಬದಲಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಾನಾದರೆ ಹಾಕುವುದಿಲ್ಲ.

ಕ್ರೋಮ್‌ನಲ್ಲಿ ನೋಟಿಫಿಕೇಷನ್ ಕಳಿಸಲು ಅನುಮತಿ ಪಡೆದಿರುವ ಸೈಟ್‌ಗಳನ್ನು ಒಮ್ಮೆ ನೋಡಿ. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅಂತ ಹೆದರಿಸುವವು ಬಹಳ ಸಲ ಅಲ್ಲಿಂದಲೇ ಬರುತ್ತವೆ. ಎಲ್ಲಕ್ಕೂ ಬ್ಲಾಕ್ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಗೊತ್ತಿಲ್ಲದ ನಂಬರ್‌ಗಳ ಕರೆಯನ್ನು ಸೈಲೆನ್ಸ್ ಮಾಡಿ, ಗ್ರೂಪಿಗೆ ಸೇರಿಸುವ ಅಧಿಕಾರವನ್ನು ಪರಿಚಯದವರಿಗೆ ಮಾತ್ರ ಕೊಡಿ. ಇದೆಲ್ಲ ಅವರಿಗೆ ಹೇಳಿಯೇ ಮಾಡಿ. ಫೋನ್ ಅವರದು.

ಟೈಪಿಂಗ್‌ಗೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜೀಬೋರ್ಡ್‌ನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡುವುದನ್ನು ತೋರಿಸಿ. ನಮ್ಮ ದೊಡ್ಡಮ್ಮನಿಗೆ ಮೈಕ್ ಜೊತೆ ಮಾತಾಡಲು ನಾಚಿಕೆ. ಅವರು ಅದರಲ್ಲೇ ಇರುವ ಕೈಬರಹದ ಕೀಬೋರ್ಡ್ ಮೇಲೆ ಬೆರಳಿನಿಂದ ಬರೆಯುತ್ತಾರೆ, ಒತ್ತಕ್ಷರ ಸಮೇತ.

ಆಕ್ಸೆಸಿಬಿಲಿಟಿ ಮೆನುವಿನಿಂದ ಹೊರಬರುವ ಮೊದಲು ಎರಡು ಶಾರ್ಟ್‌ಕಟ್ ನೋಡಿಕೊಳ್ಳಿ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುವಂತೆ ಇದ್ದರೆ ಆಫ್ ಮಾಡಿ. ಅಪ್ಪಿತಪ್ಪಿ ಆನ್ ಆದರೆ ಫೋನ್ ಕಂಡಿದ್ದನ್ನೆಲ್ಲ ಜೋರಾಗಿ ಓದುತ್ತದೆ, ಎರಡು ಸಲ ತಟ್ಟದೆ ಏನೂ ತೆರೆಯುವುದಿಲ್ಲ. ಹಾಗಾದಾಗ ಅದೇ ಎರಡು ಬಟನ್‌ಗಳನ್ನು ಮತ್ತೆ ಕೆಲವು ಸೆಕೆಂಡ್ ಹಿಡಿದರೆ ನಿಲ್ಲುತ್ತದೆ. ಇನ್ನೊಂದು ತುರ್ತು ಕರೆಯದು. ಹೊಸ ಆಂಡ್ರಾಯ್ಡ್‌ಗಳಲ್ಲಿ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ನೆರವಿಗೆ ಕರೆ ಹೋಗುವಂತೆ ಮಾಡಬಹುದು. ಒಬ್ಬರೇ ಇರುವ ಹೊತ್ತು ಜಾಸ್ತಿ ಇದ್ದರೆ ಆನ್ ಇಟ್ಟು, ಹೇಗೆ ಒತ್ತುವುದು ಅಂತ ತೋರಿಸಿ. ಪರದೆ ಬೆಳಗಲಿಲ್ಲ ಅಂತ ಪವರ್ ಬಟನ್ನನ್ನು ಪದೇ ಪದೇ ಒತ್ತುವ ಅಭ್ಯಾಸ ಅವರಿಗಿದ್ದರೆ, ಕರೆ ಹೋಗುವ ಮೊದಲು ಕೌಂಟ್‌ಡೌನ್ ಬರುತ್ತದಾ ಅಂತ ನೋಡಿ, ಅದನ್ನು ನಿಲ್ಲಿಸುವುದು ಹೇಗೆ ಅನ್ನುವುದನ್ನೂ ತೋರಿಸಿಕೊಡಿ.