ಗ್ಲೋ ಎಂಜಿನ್ ತೆಗೆದು ಮೋಟರ್ ಕೂರಿಸಬಹುದೇ?

ಪ್ರಶ್ನೆ: ನನ್ನ ಹತ್ತಿರ 40 ಸೈಜಿನ (0.40 ಘನ ಇಂಚು) ಗ್ಲೋ ಎಂಜಿನ್, ಅಂದರೆ ಮೆಥನಾಲ್ ಇಂಧನದ ಪುಟ್ಟ ಎಂಜಿನ್, ಇರುವ ಹಳೆಯ ಟ್ರೇನರ್ (ಹಾರಿಸಲು ಕಲಿಯುವವರ) ರೇಡಿಯೋ ಕಂಟ್ರೋಲ್ ಮಾದರಿ ವಿಮಾನ ಇದೆ. ತೂಕ ಸುಮಾರು ಎರಡೂವರೆ ಕಿಲೋ. ಬ್ರಷ್‌ಲೆಸ್ ಎಲೆಕ್ಟ್ರಿಕ್ ಮೋಟರ್ ಹಾಕೋಣ ಅಂತಿದ್ದೇನೆ. ಯಾವ ಮೋಟರ್ ಬೇಕು?
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಹಾಕಿ. ಟ್ರೇನರ್‌ಗೆ ಕಿಲೋಗೆ 220 ವ್ಯಾಟ್ ಲೆಕ್ಕ ಹಿಡಿದರೆ ನಿಮಗೆ 550 ಆಯಿತು. 600ರಿಂದ 700 ವ್ಯಾಟ್ ತಡೆಯುವ, ಸುಮಾರು 800 ಕೆವಿಯ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ, ಕಿಲೋವೋಲ್ಟ್ ಅಲ್ಲ) ಮೋಟರ್ ನೋಡಿ. ಜೊತೆಗೆ ನಾಲ್ಕು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 60 ಆಂಪಿಯರ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ). ಪ್ರೊಪೆಲ್ಲರ್ 12 ಇಂಚಿನದಾದರೆ ನೆಲಕ್ಕೆ ತಾಗುತ್ತದಾ ನೋಡಿಕೊಳ್ಳಿ.

ಮೋಟರ್‌ಗಿಂತ ಜಾಸ್ತಿ ಭಯ ನನಗೆ ಆ ಫೈರ್‌ವಾಲ್, ಅಂದರೆ ಎಂಜಿನ್ ಕೂರಿಸುವ ಮೂಗಿನ ಹಲಗೆಯ, ಪ್ಲೈವುಡ್‌ನದು. ವರ್ಷಗಟ್ಟಲೆ ಇಂಧನದಲ್ಲಿನ ಹರಳೆಣ್ಣೆ ಕುಡಿದಿರುತ್ತದೆ ಅಲ್ವಾ! ನಾನು ಸುಮ್ನೆ ಒರೆಸಿ, ಹಳೇ ತೂತಿಗೇ ಸ್ಕ್ರೂ ಹಾಕಿದ್ದೆ. ಮೂರನೇ ಹಾರಾಟದಲ್ಲಿ ಮೋಟರ್ ಕಿತ್ತುಬಂದು ಮೂರು ವೈರ್‌ಗಳಲ್ಲಿ ನೇತಾಡಿತು. ಮೆತ್ತಗಾದ ಮರ ಕೆತ್ತಿ ತೆಗೆಯಿರಿ. ಹೊಸ ಪ್ಲೈವುಡ್ ಎಪಾಕ್ಸಿಯಲ್ಲಿ ಅಂಟಿಸಿ, ಬೋಲ್ಟ್ ಹಾಕಿ.

ಎಂಜಿನ್, ಸೈಲೆನ್ಸರ್ ಹೋದಮೇಲೆ ಮೂಗು ಹಗುರ. ಟ್ಯಾಂಕ್ ಇದ್ದ ಜಾಗಕ್ಕೆ ಬ್ಯಾಟರಿ ತಳ್ಳಿ, ವಿಮಾನದ ತೂಕ ಸಮವಾಗುವ ಬಿಂದುವನ್ನು ಮೊದಲಿದ್ದ ಜಾಗಕ್ಕೇ ತನ್ನಿ. ಬ್ಯಾಟರಿ, ಇಎಸ್‌ಸಿ ತಣ್ಣಗಿರಲು ಗಾಳಿ ಹೊರಹೋಗುವ ಕಿಂಡಿ ಒಳಬರುವುದಕ್ಕಿಂತ ದೊಡ್ಡದಿರಲಿ.

ಮೋಟರ್ ಉಲ್ಟಾ ತಿರುಗಿದರೆ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ, ಸಾಕು. ಆದರೆ ಈ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಮೇಜಿನ ಮೇಲಿರಬೇಕು, ಮೋಟರ್‌ನಲ್ಲಲ್ಲ.