ಮಕ್ಕಳ ಸೆಪ್ಟಿಕ್ ಶಾಕ್ ಮತ್ತು ರಕ್ತಶುದ್ಧೀಕರಣ: ಪ್ರತಿಕ್ರಿಯೆ

ಹತ್ತು ಕಿಲೋ ತೂಕದ ಮಗುವಿಗೆ ಸೆಪ್ಟಿಕ್ ಶಾಕ್ (ಸೋಂಕಿನಿಂದಾಗಿ ಅಂಗಾಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಆದಾಗ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ವಿಷವನ್ನು ತೆಗೆದರೆ ಪ್ರಾಣ ಉಳಿಯುವುದೇ ಎಂದು ಕೇಳಿದ್ದೀರಿ. ಸೋಂಕಿಗೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಲ್ಲಿ ಹೊಮ್ಮುವ ಸೈಟೊಕೈನ್‌ಗಳೆಂಬ ಉರಿಯೂತದ ರಾಸಾಯನಿಕಗಳನ್ನೂ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷವನ್ನೂ ಸೋಸಿ ತೆಗೆಯಬೇಕೆಂಬ ಕಲ್ಪನೆ ಆಕರ್ಷಕವೇ. ಆದರೆ ಎಂಡೊಟಾಕ್ಸಿನ್ ಹೀರುವ ಪಾಲಿಮಿಕ್ಸಿನ್ ಫಿಲ್ಟರನ್ನು ವಯಸ್ಕರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಯೂಫ್ರೇಟಿಸ್ ಅಧ್ಯಯನದಲ್ಲಿ, 28 ದಿನಗಳೊಳಗಿನ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ.

ಸೆಪ್ಸಿಸ್ ಚಿಕಿತ್ಸೆಗಾಗಿ ತಜ್ಞರು ರೂಪಿಸಿದ 2020ರ ಅಂತರರಾಷ್ಟ್ರೀಯ ‘ಸರ್ವೈವಿಂಗ್ ಸೆಪ್ಸಿಸ್’ ಮಕ್ಕಳ ಮಾರ್ಗಸೂಚಿಯೂ ಎಚ್ಚರದಿಂದಲೇ ಮಾತಾಡುತ್ತದೆ. ದ್ರವದ ಮಿತಿ ಮತ್ತು ಮೂತ್ರವರ್ಧಕಗಳಿಗೂ ಬಗ್ಗದೆ ದೇಹದಲ್ಲಿ ನೀರು ತುಂಬಿಕೊಂಡರೆ ಡಯಾಲಿಸಿಸ್ ಮಾದರಿಯ ಚಿಕಿತ್ಸೆಯನ್ನು ಅದು ಸೂಚಿಸುತ್ತದೆ. ಪ್ಲೇಟ್‌ಲೆಟ್ ಕುಸಿತದೊಂದಿಗಿನ ಬಹು ಅಂಗಾಂಗ ವೈಫಲ್ಯವಿಲ್ಲದ ಮಕ್ಕಳಿಗೆ ಪ್ಲಾಸ್ಮಾ ವಿನಿಮಯ (ರಕ್ತದ ದ್ರವಭಾಗವನ್ನು ತೆಗೆದು ಬದಲಿ ದ್ರವ ಕೊಡುವುದು) ಬೇಡವೆನ್ನುತ್ತದೆ.

ತೂಕವೂ ಇಲ್ಲಿ ಮುಖ್ಯ. ಹತ್ತು ಕಿಲೋ ಮಗುವಿನ ಮೈಯಲ್ಲಿರುವುದು ಸುಮಾರು 800 ಮಿಲಿ ರಕ್ತ; ಯಂತ್ರದ ಕೊಳವೆಗಳಲ್ಲಿ ಅದರ ಹತ್ತನೇ ಒಂದು ಪಾಲು ನಿಂತರೂ ರಕ್ತದೊತ್ತಡ ಕುಸಿಯಬಹುದು. ಜೊತೆಗೆ ಫಿಲ್ಟರು ಒಳ್ಳೆಯದು ಕೆಟ್ಟದ್ದೆಂದು ನೋಡದೆ ಆ್ಯಂಟಿಬಯೋಟಿಕ್ ಅನ್ನೂ ಸೋಸಿಬಿಡುವುದುಂಟು.

ಹೀಗಾಗಿ, ಶಾಕ್ ಗುರುತಿಸಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡುವುದೇ ಮೊದಲ ಕೆಲಸ. ಯಂತ್ರದ ಪ್ರಸ್ತಾಪ ಬಂದಾಗ, ಅದು ಮೂತ್ರಪಿಂಡಕ್ಕೆ ಆಸರೆಯಾಗಿಯೋ ಸೈಟೊಕೈನ್ ತೆಗೆಯಲೋ ಎಂದು ವೈದ್ಯರನ್ನು ನೇರವಾಗಿ ಕೇಳಿ.