ಎರಡು ಸೆಕೆಂಡ್ ಓಡುವ ಎಂಜಿನ್ ಬಿಚ್ಚಬೇಡಿ
ತೋಟದ ಯಂತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತೋಟದ ಬಂಗಲೆ ಮುಂದಿನ ಹುಲ್ಲಿಗೆಂದು ಕೊಂಡ, ಕೂತು ಓಡಿಸುವ ಲಾನ್ ಮೂವರ್ ಇದೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ 17.5 ಎಚ್‌ಪಿ, ಒಂಟಿ ಸಿಲಿಂಡರ್. ಮೂರು ಮಳೆಗಾಲ ಶೆಡ್‌ನಲ್ಲೇ ನಿಂತಿತ್ತು. ಹೊಸ ಬ್ಯಾಟರಿ, ಹೊಸ ಪ್ಲಗ್ ಹಾಕಿಸಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಬಿಟ್ಟರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಎಂಜಿನ್ ಪೂರ್ತಿ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲೇ ಸರ್?
– ಓದುಗರು, ಸಿದ್ದಾಪುರ

ಉತ್ತರ: ಬೇಡ. ಕಿಡಿ, ಕಂಪ್ರೆಶನ್, ಟೈಮಿಂಗ್ ಇವುಗಳಲ್ಲಿ ಒಂದು ಕೆಟ್ಟಿದ್ದರೂ ಎಂಜಿನ್ ಆ ಎರಡು ಸೆಕೆಂಡ್ ಓಡುತ್ತಿರಲಿಲ್ಲ. ಕೈಯಿಂದ ಬಿಟ್ಟ ಪೆಟ್ರೋಲ್ ಉರಿಯುತ್ತಿದೆ, ಟ್ಯಾಂಕಿನದು ಬರುತ್ತಿಲ್ಲ, ಅಷ್ಟೇ. ಅಂದ ಹಾಗೆ, ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವುದನ್ನು ನಿಲ್ಲಿಸಿ. ಹಿಂದಕ್ಕೆ ಹೊಡೆದರೆ ಬೆಂಕಿ ಮುಖಕ್ಕೇ ಬರುತ್ತದೆ.

ಮೊದಲು ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು ಬಹುಪಾಲು ಇ20, ಅಂದರೆ 20 ಪರ್ಸೆಂಟ್‌ವರೆಗೆ ಎಥನಾಲ್. ನಿಮ್ಮ ಎಂಜಿನ್ ತಯಾರಕರು ಒಪ್ಪುವುದು 10 ಪರ್ಸೆಂಟ್ ಮಾತ್ರ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಲ್ಲಿ ಈ ಪೆಟ್ರೋಲ್ ನಿಂತರೆ, ನೀರು ಮತ್ತು ಎಥನಾಲ್ ಬೇರೆಯಾಗಿ ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳಕ್ಕೆ ಇಳಿಯುತ್ತವೆ. ಬಟ್ಟಲಿನಲ್ಲಿ ಬಿಳಿ ಪುಡಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಜೆಟ್ ಮೇಲೆ ಹಸಿರು, ಉಳಿದ ಕಡೆ ಅಂಟು. ನಿಮ್ಮದರಲ್ಲೂ ಇವು ಕಾಣುವುದು ಬಹುತೇಕ ಖಚಿತ. ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ ಎಣ್ಣೆ ಹಚ್ಚುವ ಮನೆಗಳಲ್ಲೂ ಮಳೆಗೆ ಮೊದಲು ಮೂವರ್‌ನ ಟ್ಯಾಂಕ್ ಖಾಲಿ ಮಾಡುವುದು ಮರೆತುಹೋಗುತ್ತದೆ.

ಕಾರ್ಬೊರೇಟರ್ ಬಿಚ್ಚುವ ಮುನ್ನ ಎರಡು ಪರೀಕ್ಷೆ. ಕೀ ಆನ್ ಮಾಡಿದಾಗ ಬಟ್ಟಲಿನ ಕೆಳಗಿನ ಫ್ಯುಯಲ್ ಸೊಲೆನಾಯ್ಡ್ (ಪೆಟ್ರೋಲ್ ದಾರಿ ತೆರೆಯುವ ಕರೆಂಟ್ ವಾಲ್ವ್) 'ಟಕ್' ಅನ್ನಬೇಕು. ಶಬ್ದವಿಲ್ಲದಿದ್ದರೆ ಅದರ ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಬರದಿದ್ದರೆ ಮೊದಲು ಫ್ಯೂಸ್ ಮತ್ತು ಇಲಿ ಕಡಿದ ವೈರ್ ಹುಡುಕಿ. ಆಮೇಲೆ ಟ್ಯಾಂಕಿಗೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ, ಪೆಟ್ರೋಲ್ ಪೈಪನ್ನು ಕಾರ್ಬೊರೇಟರ್ ಕಡೆ ಕಳಚಿ ಬಾಟಲಿಗೆ ಬಿಟ್ಟು, ಪ್ಲಗ್ ವೈರ್ ತೆಗೆದು ದೂರ ಇಟ್ಟು, ಸೆಲ್ಫ್ ಹೊಡೆಯಿರಿ. ಪಂಪ್ ಇರುವ ಮಾದರಿಯಲ್ಲಿ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಬರದಿದ್ದರೆ ಫಿಲ್ಟರ್, ಪೈಪ್, ಪಂಪಿನ ಡಯಾಫ್ರಮ್ ಈ ಕ್ರಮದಲ್ಲಿ ನೋಡಿ. ಹಳೇ ರಬ್ಬರ್ ಪೈಪ್ ಹೊರಗೆ ಚೆನ್ನಾಗಿದ್ದು ಒಳಗೆ ಉಬ್ಬಿ ಕಟ್ಟಿಕೊಂಡಿರುತ್ತದೆ. ಅನುಮಾನವಿದ್ದರೆ ಕಾಲು ಇಂಚಿನ ಪೆಟ್ರೋಲ್ ಪೈಪನ್ನೇ ಹೊಸದಾಗಿ ಹಾಕಿ.

ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸ ಶುರು ಮಾಡಿ. ಎಂಜಿನ್ ವೇಗ ಹಿಡಿದಿಡುವ ಗವರ್ನರ್‌ನ ಕಡ್ಡಿ, ಸ್ಪ್ರಿಂಗ್ ಯಾವ ತೂತಿನಲ್ಲಿವೆ ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಒಂದು ತೂತು ತಪ್ಪಿದರೂ ಎಂಜಿನ್ ವೇಗ ಏರಿಳಿಯುತ್ತಲೇ ಇರುತ್ತದೆ. ಬಟ್ಟಲು ಇಳಿಸಿ, ಫ್ಲೋಟ್, ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್, ರಬ್ಬರ್ ರಿಂಗ್ ಬೇರೆ ಇಟ್ಟು, ಲೋಹದ ಭಾಗಕ್ಕೆ ಮಾತ್ರ ಕಾರ್ಬ್ ಕ್ಲೀನರ್ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೆ ಬರುತ್ತದೆ. ನಡುಕಂಬದ ಮೇನ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕಿ ಕಾಣಬೇಕು. ಕಟ್ಟಿದ್ದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಉಕ್ಕಿನ ಸೂಜಿ ಹಾಕಿದರೆ ತೂತು ದೊಡ್ಡದಾಗಿ ಮುಂದೆ ಕಪ್ಪು ಹೊಗೆ ಬರುತ್ತದೆ. ಬಟ್ಟಲಿನ ರಬ್ಬರ್ ರಿಂಗ್ ಕ್ಲೀನರ್ ತಾಗಿ ಉಬ್ಬಿ ಕೂರದಿದ್ದರೆ ಒಂದು ದಿನ ಗಾಳಿಗೆ ಬಿಡಿ, ಸಾಮಾನ್ಯವಾಗಿ ಮತ್ತೆ ಕುಗ್ಗುತ್ತದೆ. ಜೋಡಿಸಿದ ಮೇಲೆ ಎಂಜಿನ್ ಓಡಿಯೂ ಏರಿಳಿದರೆ ನಿಧಾನ ಓಟಕ್ಕೆ ಪೆಟ್ರೋಲ್ ಬರುವ ಸಣ್ಣ ಪೈಲಟ್ ದಾರಿ ಇನ್ನೂ ಅರ್ಧ ಕಟ್ಟಿದೆ ಅಂತ ಅರ್ಥ. ಇನ್ನೊಮ್ಮೆ ಬಿಚ್ಚಿ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ, ನೀಡಲ್ ಸೋರಿ ಪೆಟ್ರೋಲ್ ಒಳಗೆ ಇಳಿದಿದೆ. ನೀಡಲ್ ಬದಲಿಸಿ, ಆಯಿಲ್ ಪೂರ್ತಿ ಇಳಿಸಿ. ಹೊಸ ಎಸ್‌ಎಇ 30 ಅಥವಾ 10ಡಬ್ಲ್ಯು-30 ಸುಮಾರು 1.4 ಲೀಟರ್ ಹಿಡಿಯುತ್ತದೆ. ಮೇಲಿನ ಫ್ಯಾನ್ ಕವರನ್ನೂ ಎತ್ತಿ, ಫಿನ್‌ಗಳ ನಡುವೆ ಇಲಿ ಗೂಡಿದ್ದರೆ ಕಿತ್ತುಹಾಕಿ. ಗೂಡು ಬಿಟ್ಟು ಓಡಿಸಿದರೆ ಎಂಜಿನ್ ಬಿಸಿಯಾಗಿ ಹಿಡಿದುಕೊಳ್ಳಬಹುದು.

ಭಾಗ ತರಿಸುವಾಗ ಎಚ್‌ಪಿ ಹೇಳಿ ಪ್ರಯೋಜನವಿಲ್ಲ. ಎಂಜಿನ್ ಮೇಲೆ ಒತ್ತಿರುವ ಮಾಡೆಲ್, ಟೈಪ್, ಕೋಡ್ ಮೂರೂ ಬರೆದುಕೊಂಡು ಹೋಗಿ. ಕೋಡ್‌ನ ಮೊದಲ ಎರಡು ಅಂಕಿ ತಯಾರಾದ ವರ್ಷ.

ಪ್ರಶ್ನೆ: ಅದೇ ಕಂಪನಿಯ ಅದೇ ಸೈಜಿನ ಓಎಚ್‌ವಿ (ವಾಲ್ವ್ ಸಿಲಿಂಡರ್ ತಲೆಯಲ್ಲಿರುವ) ಎಂಜಿನ್. ಕೀ ತಿರುಗಿಸಿದರೆ ಅರ್ಧ ಸುತ್ತು ಹೋಗಿ ತಡೆದು ನಿಲ್ಲುತ್ತದೆ. ಬ್ಯಾಟರಿ ಹೊಸದು, 12.6 ವೋಲ್ಟ್ ಇದೆ. ಸೆಲ್ಫ್ ಮೋಟಾರ್ ಬದಲಿಸಬೇಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಮೋಟಾರ್ ದುಬಾರಿ, ಕೊನೆಗೆ ನೋಡಿ. ಬ್ಯಾಟರಿ ಟರ್ಮಿನಲ್ ಮತ್ತು ಚಾಸಿಗೆ ಕೂರುವ ಅರ್ಥ್ ಬೋಲ್ಟ್ ಉಜ್ಜಿ ಬಿಗಿ ಮಾಡಿ. ಆಮೇಲೆ ಪ್ಲಗ್ ತೆಗೆದು ಫ್ಲೈವೀಲನ್ನು ಮೇಲಿಂದ ನೋಡುವಾಗ ಗಡಿಯಾರದ ದಿಕ್ಕಿಗೆ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಸಿಲಿಂಡರ್ ತುಕ್ಕು ಹಿಡಿದಿರಬಹುದು. ಪ್ಲಗ್ ತೂತಿಗೆ ಎರಡು ಚಮಚ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಬಲ ಹಾಕಿ ಸೆಲ್ಫ್ ಹೊಡೆದರೆ ಅದರ ಗೇರಿನ ಹಲ್ಲು ಹೋಗುತ್ತದೆ.

ಸಲೀಸಾಗಿ ತಿರುಗಿದರೆ ಕಾರಣ ಹೆಚ್ಚಾಗಿ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು. ಸ್ಟಾರ್ಟ್ ಮಾಡುವಾಗ ಒಂದು ವಾಲ್ವನ್ನು ಚೂರು ಎತ್ತಿ ಒತ್ತಡ ಇಳಿಸುವ ಸಣ್ಣ ಉಬ್ಬು ವಾಲ್ವ್ ತೆರೆಸುವ ಕ್ಯಾಮ್‌ನಲ್ಲಿರುತ್ತದೆ. ವಾಲ್ವ್ ಸಡಿಲವಾದರೆ ಆ ಉಬ್ಬು ಅದನ್ನು ಎತ್ತುವುದೇ ಇಲ್ಲ, ಪೂರ್ತಿ ಕಂಪ್ರೆಶನ್‌ಗೆ ಸೆಲ್ಫ್ ಸೋಲುತ್ತದೆ. ಪಿಸ್ಟನ್ ಎರಡೂ ವಾಲ್ವ್ ಮುಚ್ಚಿರುವ ಪವರ್ ಸ್ಟ್ರೋಕ್‌ನಲ್ಲಿ ಮೇಲ್ತುದಿಯಿಂದ 6 ಮಿ.ಮೀ. ಇಳಿದಲ್ಲಿ ನಿಲ್ಲಿಸಿ, ಫೀಲರ್ ಗೇಜ್ ಇಟ್ಟು ಇನ್‌ಟೇಕ್ 0.08ರಿಂದ 0.13, ಎಕ್ಸಾಸ್ಟ್ 0.13ರಿಂದ 0.18 ಮಿ.ಮೀ.ಗೆ ತನ್ನಿ. ಎಂಜಿನ್ ತಣ್ಣಗಿರಬೇಕು. ಇದಕ್ಕೆ ಬೇಕಾದ್ದು ವಾಲ್ವ್ ಕವರ್ ಗ್ಯಾಸ್ಕೆಟ್ ಒಂದೇ.

ಪ್ರಶ್ನೆ: ಮೂವರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಒಂದು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್.
– ಓದುಗರು, ವಿರಾಜಪೇಟೆ

ಉತ್ತರ: ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ಸಡಿಲಿಸಿ. 'ಸುಯ್' ಎಂದು ಗಾಳಿ ಎಳೆದು ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಕಣಜ ಮಣ್ಣು ಮೆತ್ತಿರುವುದೂ ಉಂಟು. ಹಾಗಾಗದಿದ್ದರೆ ಎಂಜಿನ್ ಬಿಸಿಯಿರುವಾಗಲೇ ಕಿಡಿ ನೋಡಿ. ಪ್ಲಗ್ ಗ್ಯಾಪ್ 0.76 ಮಿ.ಮೀ. ಇರಲಿ. ಆಗ ಕಿಡಿ ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್‌ನ, ಎಂಜಿನ್ ನಿಲ್ಲಿಸುವ ತೆಳು ಕಿಲ್ ವೈರ್ ಕಳಚಿ ನೋಡಿ. ಕಿಡಿ ಬಂದರೆ ಆ ವೈರ್ ಅಥವಾ ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸೀಟಿನ ಸ್ವಿಚ್ ದೋಷ. ಆಗಲೂ ಬರದಿದ್ದರೆ ಕಾಯಿಲ್ ಬದಲಿಸಿ, ಫ್ಲೈವೀಲ್‌ನ ಮ್ಯಾಗ್ನೆಟ್‌ನಿಂದ 0.25ರಿಂದ 0.35 ಮಿ.ಮೀ. ಅಂತರದಲ್ಲಿ ಕೂರಿಸಿ. ಸೀಟಿನ ಸ್ವಿಚ್ಚನ್ನು ಮಾತ್ರ ಖಾಯಂ ಆಗಿ ಜಂಪ್ ಮಾಡಬೇಡಿ. ಇಳಿಜಾರಿನಲ್ಲಿ ಬಿದ್ದವರ ಹಿಂದೆಯೇ ಬ್ಲೇಡ್ ತಿರುಗುತ್ತಿರುತ್ತದೆ.

ಪ್ರಶ್ನೆ: ಕೆಲಸದವರು ವೀಡ್ ಕಟರ್‌ನ ಆಯಿಲ್ ಬೆರೆಸಿದ ಪೆಟ್ರೋಲನ್ನು ಮೂವರ್‌ಗೆ ಹಾಕಿಬಿಟ್ಟಿದ್ದಾರೆ. ತೊಂದರೆಯೇ?
– ಓದುಗರು, ಗೋಣಿಕೊಪ್ಪ

ಉತ್ತರ: ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಇಳಿಸಿ ಬರೀ ಪೆಟ್ರೋಲ್ ತುಂಬಿ. ಇದಕ್ಕಿಂತ ಅಪಾಯ ತಿರುಗುಮುರುಗಾದಾಗ. ಟೂ ಸ್ಟ್ರೋಕ್ ವೀಡ್ ಕಟರ್‌ಗೆ ಬರೀ ಪೆಟ್ರೋಲ್ ಹೋದರೆ ಪಿಸ್ಟನ್ ಹಿಡಿದುಬಿಡುತ್ತದೆ. ಎರಡು ಕ್ಯಾನಿಗೂ ಬೇರೆ ಬೇರೆ ಬಣ್ಣದ ಪೇಂಟ್ ಬಳಿದಿಡಿ.